ಬ್ರಿಟ್ಟಮ್ಮನಿಗೆ ಇಂಗ್ಲಿಷ್ ಕಲಿಸಿದ್ದು

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ಆ ಬಾಡಿಗೆ ಮನೆಯಲ್ಲಿ ನಾವು ನಿಜವಾಗಿ ಬದುಕಿದ್ದು ಅಡುಗೆಮನೆಯಲ್ಲಿ. ಹಾಲ್ ಎಂದು ಒಂದಿತ್ತು, ಅಲ್ಲೊಂದು ಸೋಫಾವೂ ಇತ್ತು, ಆದರೆ ಅದು ಅಪ್ಪನ ಫೋನಿನ ಜಾಗ. ಅಪ್ಪ ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಕೆಲಸ ಮುಗಿಸಿ ಬಂದ ಮೇಲೂ ಕಿಟಕಿಯ ಬಳಿ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರು ಕೂತು ಇಂಗ್ಲಿಷ್ ಮಾತಾಡಿದ್ದನ್ನು ನಾನು ಕಂಡಿಲ್ಲ. ಅಮ್ಮ ಮತ್ತು ನಾನು ಅಡುಗೆಮನೆಯವರು. ಮೇಲಿನ ಕಪಾಟಿನ ಒಂದು ಖಾನೆಯಲ್ಲಿ ದೇವರ ಫೋಟೋಗಳಿದ್ದವು. ಹೊಗೆಗೆ ಕೂಗಿಕೊಳ್ಳುವ ಅಲಾರಂ ಛಾವಣಿಯಲ್ಲಿದ್ದುದರಿಂದ ಅಮ್ಮ ಊದುಬತ್ತಿಯನ್ನು ತೆರೆದ ಕಿಟಕಿಯ ಆಚೆ ಹಿಡಿದು ಹಚ್ಚಿ, ದೂರದಿಂದಲೇ ದೇವರಿಗೆ ತೋರಿಸಿ, ಕಿಟಕಿಯ ಕಟ್ಟೆಯ ಹಿಮದಲ್ಲಿ ಚುಚ್ಚಿಬಿಡುತ್ತಿದ್ದಳು. ಇಲ್ಲಿಯವರು ಮಕ್ಕಳಿಗೆ ಗಂಜಿ ಕಾಯಿಸುವ ರವೆಯಲ್ಲಿ ಉಪ್ಪಿಟ್ಟು ಮಾಡುತ್ತಿದ್ದಳು. ಅದು ಎಷ್ಟು ಹುರಿದರೂ ಮುದ್ದೆಯಾಗುತ್ತಿತ್ತು. ನನಗೆ ಉಪ್ಪಿಟ್ಟೆಂದರೆ ಈಗಲೂ ಆ ಮುದ್ದೆಯೇ. ಊರಿಗೆ ಹೋದಾಗ ಉದುರುದುರಾದದ್ದನ್ನು ಬಡಿಸಿದರೆ ಏನೋ ಕೆಟ್ಟಿದೆ ಅನ್ನಿಸುತ್ತದೆ.

ಅಮ್ಮನ ಊರು ಹಿರಿಯೂರು. ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಅವಳಿಗೆ ಪ್ರತಿ ವರ್ಷ ಹೇಗೋ ದಾಟಿಕೊಂಡು ಬಂದ ಒಂದು ಪರೀಕ್ಷೆ, ಅಷ್ಟೆ. ಬೆಂಗಳೂರಿನಲ್ಲಿ ಬೆಳೆದ ಅಪ್ಪನಿಗೆ ಅದು ಅನ್ನದ ಭಾಷೆ. ಸ್ವೀಡಿಷ್ ಇಬ್ಬರಿಗೂ ಬಾರದು. ಮನೆಯಲ್ಲಿ ಅದು ಬರುತ್ತಿದ್ದುದು ನನಗೊಬ್ಬಳಿಗೇ, ಅದೂ ಯಾರೂ ಕಲಿಸದೆ. ನಾಲ್ಕು ವರ್ಷದವಳಿದ್ದಾಗ ಡಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ ಬಿಟ್ಟರು. ಕೆಲವು ತಿಂಗಳು ಬಾಯಿ ಬಿಡಲಿಲ್ಲವಂತೆ. ಒಂದು ದಿನ ಬಿಟ್ಟಾಗ ಅದು ಸ್ವೀಡಿಷ್ ಆಗಿತ್ತಂತೆ. ಹಾಗಾಗಿ ಅಂಗಡಿ, ಆಸ್ಪತ್ರೆ, ಕೆಳಗೆ ಕಟ್ಟಡದವರಿಗೆಲ್ಲ ಸೇರಿದ ಬಟ್ಟೆ ಒಗೆಯುವ ಕೋಣೆಯ ಪಾಳಿಯ ಜಗಳ, ಎಲ್ಲದಕ್ಕೂ ಅಮ್ಮ ನನ್ನನ್ನು ಮುಂದೆ ಮಾಡುತ್ತಿದ್ದಳು. ಏಳು ವರ್ಷದ ನನಗೆ ಇದರಿಂದ ಬಂದಿದ್ದ ಗತ್ತು ಸಣ್ಣದಲ್ಲ. ದೊಡ್ಡವರಿಬ್ಬರು ನನ್ನ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡುತ್ತಾ, ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದರು.

ಮೊದಲಿಗೆ ಅಮ್ಮ ಇಷ್ಟು ಹಿಂಜರಿಯುತ್ತಿರಲಿಲ್ಲ. ಬಂದ ಹೊಸತರಲ್ಲಿ ತನಗೆ ತಿಳಿದ ಇಂಗ್ಲಿಷಿನಲ್ಲೇ ಎಲ್ಲರೊಡನೆ ಮಾತಾಡುತ್ತಿದ್ದಳು. ಅದು ನಿಂತದ್ದು ಒಂದು ಭಾನುವಾರದ ಊಟದಲ್ಲಿ. ಅಪ್ಪನ ಆಫೀಸಿನವರು ಬಂದಿದ್ದರು. ಅಮ್ಮ ಬೆಳಗಿನಿಂದ ನಿಂತು ಬಿಸಿಬೇಳೆಬಾತು, ಪೂರಿ, ಶಾವಿಗೆ ಪಾಯಸ ಮಾಡಿದ್ದಳು. ಅಪ್ಪನ ಮ್ಯಾನೇಜರರ ಹೆಂಡತಿ ಸಾಕು ಎಂದು ಕೈ ಅಡ್ಡ ಹಿಡಿದಾಗ ಅಮ್ಮ ನಗುತ್ತಾ ಇಂಗ್ಲಿಷಿನಲ್ಲಿ, ಇನ್ನೊಂದು ಪೂರಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಎಲ್ಲಾ ವೇಸ್ಟ್ ಬಿಕಮಿಂಗ್ ಎಂದಳು. ಅಪ್ಪ ಥಟ್ಟನೆ ಅದನ್ನು ಸರಿಪಡಿಸಿ ಹೇಳಿ, ಬಂದವರ ಕಡೆ ನೋಡಿ ನಕ್ಕರು. ಅವರೂ ನಕ್ಕರು. ಕೆಟ್ಟ ನಗುವಲ್ಲ. ಆದರೆ ಅಮ್ಮ ಪೂರಿಯ ಪಾತ್ರೆ ಹಿಡಿದು ಒಳಗೆ ಹೋದವಳು ಅವರು ಹೊರಡುವವರೆಗೂ ಹೊರಗೆ ಬರಲಿಲ್ಲ. ಪಾಯಸವನ್ನು ನಾನೇ ಹಂಚಿದೆ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಮಾತು ನಡೆಯಿತು. ಜೋರು ದನಿಯದ್ದಲ್ಲ, ಗೋಡೆ ತೆಳುವಾದ ಮನೆಗಳಲ್ಲಿ ಹಲ್ಲು ಕಚ್ಚಿ ಆಡುವ ಜಗಳ.

"ಎಲ್ಲರ ಮುಂದೆ ತಿದ್ದಬೇಕಿತ್ತಾ ನನ್ನ?"

"ತಿದ್ದದೇ ಇದ್ರೆ ಕಲಿಯೋದು ಹೆಂಗೆ ಗಿರಿಜಾ? ನನ್ನನ್ನ ಅಲ್ಲಿ ದಿನಾ ತಿದ್ತಾರೆ. ನಾನೇನು ಸತ್ತುಹೋದ್ನಾ?"

"ನಿಮ್ಮನ್ನ ತಿದ್ದೋರು ನಿಮ್ಮ ಕಟ್ಕೊಂಡೋರಲ್ವಲ್ಲ ರೀ."

ಅಂದಿನಿಂದ ಅಮ್ಮ ಇಂಗ್ಲಿಷಿನಲ್ಲಿ ಒಂದಕ್ಷರ ಆಡಲಿಲ್ಲ. ಫೋನ್ ಬಂದರೆ ನನ್ನ ಕೈಗೆ ಕೊಡುತ್ತಿದ್ದಳು. ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ ತಲೆಯಾಡಿಸಿ ಕೆಳಗಿಳಿಯುತ್ತಿದ್ದಳು. ಆ ಚಳಿಗಾಲದಲ್ಲಿ ಅವಳು ನನ್ನೊಬ್ಬಳ ಜೊತೆಗೆ ಆಡಿದ ಮಾತನ್ನು ಬಿಟ್ಟರೆ ಆ ದೇಶದಲ್ಲಿ ಅವಳ ದನಿಯೇ ಇರಲಿಲ್ಲ. ನಾನು ಶಾಲೆಗೆ ಹೋದಾಗ ಏನು ಮಾಡುತ್ತಿದ್ದಳೋ, ಆಗ ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

ಎದುರು ಮನೆಯಲ್ಲಿ ಬ್ರಿಟ್ಟಾ ಎಂಬ ಮುದುಕಿ ಒಬ್ಬಳೇ ಇದ್ದಳು. ಅಮ್ಮ ಅವಳನ್ನು ಬ್ರಿಟ್ಟಮ್ಮ ಎನ್ನುತ್ತಿದ್ದಳು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಹೊಲಿಗೆ ಕೆಲಸಕ್ಕೆ ಸೇರಿದವಳು. ಈ ದೇಶದಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಎನ್ನುತ್ತಾರಲ್ಲ, ಆ ಎಲ್ಲರಲ್ಲಿ ಅವಳಿರಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ದಾಲ್ಚಿನ್ನಿ ಬನ್ನಿನ ತಟ್ಟೆ ಹಿಡಿದು ನಮ್ಮ ಬಾಗಿಲು ತಟ್ಟಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಅಮ್ಮನನ್ನೇ ನೋಡುತ್ತಾ ನನಗೆ ಸ್ವೀಡಿಷಿನಲ್ಲಿ ಹೇಳಿದಳು.

"ನಿನ್ನ ಅಮ್ಮನನ್ನು ಕೇಳು, ನನಗೆ ಇಂಗ್ಲಿಷ್ ಹೇಳಿಕೊಡುತ್ತಾಳಾ ಅಂತ. ಇಂಡಿಯಾದವರಿಗೆಲ್ಲ ಇಂಗ್ಲಿಷ್ ಚೆನ್ನಾಗಿ ಬರುತ್ತದಲ್ಲ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಒಲೆಯ ಕಡೆ ತಿರುಗಿಕೊಂಡಳು.

"ನಂಗೆ ಬರಲ್ಲ ಅಂತ ಹೇಳು ಮಾನು."

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಒದ್ದೆ ಕೈ ನನ್ನ ಹೆಗಲ ಮೇಲೆ ಬಿತ್ತು.

"ತಾಳು, ತಾಳು. ಬುಧವಾರ ಬನ್ನಿ ಅಂತ ಹೇಳು."

ಯಾಕೆ ಒಪ್ಪಿಕೊಂಡೆ ಎಂದು ದೊಡ್ಡವಳಾದ ಮೇಲೆ ಕೇಳಿದ್ದೇನೆ. ಅಮ್ಮ ಹೇಳಿದ್ದು ಇಷ್ಟೇ: "ಇಲ್ಲಿಗೆ ಬಂದ ಮೇಲೆ ನನ್ನ ಹತ್ರ ಯಾರೂ ಏನೂ ಕೇಳಿರ್ಲಿಲ್ಲ ಕಣೆ."

ಬುಧವಾರದೊಳಗೆ ಕಲಿಸಲು ಏನಾದರೂ ಬೇಕಲ್ಲ. ಅಮ್ಮ ನನ್ನನ್ನು ಕರೆದುಕೊಂಡು ಊರ ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷಿನ ಮಕ್ಕಳ ಚಿತ್ರಪುಸ್ತಕಗಳನ್ನು ತಂದಳು. ನನಗೆಂದು ಗ್ರಂಥಾಲಯದವರು ತಿಳಿದುಕೊಂಡರು. ಆದರೆ ನಿಜವಾದ ಪಾಠಶಾಲೆ ಟೀವಿ. ಇಲ್ಲಿ ಹೊರಗಿನ ಕಾರ್ಯಕ್ರಮಗಳಿಗೆ ಸ್ವೀಡಿಷ್ ದನಿ ಕೊಡುವುದಿಲ್ಲ, ಕೆಳಗೆ ಸ್ವೀಡಿಷ್ ಅಕ್ಷರ ಹಾಕುತ್ತಾರೆ. ಇಂಗ್ಲೆಂಡಿನವರು ಹಳೆಯ ಮೇಜು ಕುರ್ಚಿ ಪಿಂಗಾಣಿ ಮಾರಿಕೊಳ್ಳುವ ಒಂದು ಕಾರ್ಯಕ್ರಮ ಮಧ್ಯಾಹ್ನ ಬರುತ್ತಿತ್ತು. ನಾನು ಶಾಲೆಯಿಂದ ಬಂದು ಅಮ್ಮನ ಪಕ್ಕ ಕೂರುತ್ತಿದ್ದೆ. ಟೀವಿಯವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕೆಳಗಿನ ಸ್ವೀಡಿಷಿನಲ್ಲಿ ಓದಿಕೊಂಡು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು, ಅಮ್ಮ ಅಷ್ಟರೊಳಗೆ ಕಿವಿಗೆ ಬಿದ್ದ ಇಂಗ್ಲಿಷನ್ನು ಬಾಯಲ್ಲಿ ಹೊರಳಿಸುವುದು. ನಾನು ಓದುವುದು ನಿಧಾನ. ಅರ್ಧ ಮಾತು ಓಡಿಹೋಗುತ್ತಿತ್ತು. ಸಿಕ್ಕಿದ್ದನ್ನು ಅವಳು ಮಾರನೆಯ ದಿನ ಪಾತ್ರೆ ತೊಳೆಯುತ್ತಾ ಹೇಳಿಕೊಳ್ಳುತ್ತಿದ್ದಳು. ಕೆಲವೊಮ್ಮೆ ಊಟದ ಹೊತ್ತಿನಲ್ಲಿ ಅಪ್ಪನನ್ನು ಏನೂ ಗೊತ್ತಿಲ್ಲದವಳಂತೆ ಕೇಳುತ್ತಿದ್ದಳು.

"ರೀ, 'ದೋ' ಅಂತಾರಲ್ಲ ಮಾತಿನ ಕೊನೆಗೆ, ಅದೇನು?"

"ಆದ್ರೂ ಅಂತ," ಎಂದು ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದರು.

ಬುಧವಾರದ ಪಾಠಗಳು ಅಡುಗೆಮನೆಯ ಮೇಜಿನ ಮೇಲೆ ನಡೆದವು. ಮೊದಮೊದಲು ಇಬ್ಬರ ನಡುವೆ ನಾನು ಕೂರಲೇಬೇಕಿತ್ತು. ಬ್ರಿಟ್ಟಮ್ಮನಿಗೆ 'ಜ' ಬರುತ್ತಿರಲಿಲ್ಲ, ಜಾಮ್ ಅನ್ನು ಯಾಮ್ ಎನ್ನುತ್ತಿದ್ದಳು. ಅಮ್ಮನನ್ನು ಕೊನೆಯವರೆಗೂ ಗಿರಿಯಾ ಎಂದೇ ಕರೆದಳು. ಚೇರ್ ಎಂದರೆ ಶೇರ್ ಎನ್ನುವಳು. ಅಮ್ಮ ಕುರ್ಚಿಯ ಬೆನ್ನು ತಟ್ಟಿ ತಟ್ಟಿ "ಚ, ಚ, ಚೇರ್" ಎಂದು ಹೇಳಿಕೊಡುತ್ತಿದ್ದಳು. ಮೊಟ್ಟೆಗೆ ಅಮ್ಮ ಯೆಗ್ಗು ಎನ್ನುತ್ತಿದ್ದಳು. ಅದಕ್ಕೆ ಸ್ವೀಡಿಷಿನಲ್ಲೂ ಎಗ್ ಎನ್ನುವುದರಿಂದ ಅಲ್ಲಿ ಬ್ರಿಟ್ಟಮ್ಮನೇ ಮೇಷ್ಟ್ರು. ಪುಸ್ತಕದ ನಾಯಿ, ಬೆಕ್ಕು, ಚೆಂಡು ಬೇಗ ಮುಗಿದವು. ಆಮೇಲೆ ಅಮ್ಮ ತನಗೆ ಬರುವ ಮಾತನ್ನೇ ಕಲಿಸತೊಡಗಿದಳು. ಯಾರಾದರೂ ಮನೆಗೆ ಬಂದರೆ ಏನೆನ್ನಬೇಕು? "ಬನ್ನಿ ಬನ್ನಿ, ಕೂತ್ಕೊಳ್ಳಿ. ಕಾಫಿ ಆಯ್ತಾ?" ಎಂಬುದನ್ನೇ ಅಮ್ಮ "ಕಮ್ ಕಮ್, ಸಿಟ್. ಕಾಫಿ ಓವರ್?" ಎಂದು ಇಂಗ್ಲಿಷ್ ಮಾಡಿದಳು. ಏನೇನು ತಂದಿರಿ, ಯಾಕೆ ಸಪ್ಪಗಿದ್ದೀರಿ, ಇನ್ನೂ ಸ್ವಲ್ಪ ತಿನ್ನಿ, ಇಷ್ಟು ಬೇಗ ಹೊರಟಿರಾ, ಎಲ್ಲ ಒಂದೊಂದಾಗಿ ಬ್ರಿಟ್ಟಮ್ಮನ ಬಾಯಿಗೆ ಬಂದವು. ಹಿರಿಯೂರಿನ ಪಡಸಾಲೆಯಲ್ಲಿ ಆಡುವ ಮಾತುಗಳು ಇಂಗ್ಲಿಷ್ ಆಗಿ ಆ ಬಿಳಿಕೂದಲಿನ ಹೆಂಗಸಿನ ಬಾಯಲ್ಲಿ ಬರುತ್ತಿದ್ದುದು ಎಷ್ಟು ವಿಚಿತ್ರವೆಂದು ನನಗೆ ಆಗ ಗೊತ್ತಿರಲಿಲ್ಲ. ನಾನೂ ಅದನ್ನೇ ಇಂಗ್ಲಿಷ್ ಎಂದುಕೊಂಡು ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಇವತ್ತು ನಾರ್‌ಶೋಪಿಂಗ್ ಊರಿನ ನನ್ನ ಆಫೀಸಿನಲ್ಲಿ, ಇಲ್ಲೇ ಬೆಳೆದವಳ ಇಂಗ್ಲಿಷ್ ಯಾಕೆ ಹೀಗೆ ಎಂದು ಫಿಕಾ ಎಂಬ ಕಾಫಿ ಬಿಡುವಿನಲ್ಲಿ ಲೋಟ ಹಿಡಿದು ಯಾರಾದರೂ ಕೇಳುತ್ತಿರುತ್ತಾರೆ. ಶಾಲೆಯಲ್ಲಿ ಆಮೇಲೆ ಕಲಿತದ್ದೆಲ್ಲ ಮೇಲಿನ ಬಣ್ಣ, ಒಳಗಿರುವುದು ಆ ಮೇಜಿನದೇ.

ಅಪ್ಪನಿಗೆ ವಿಷಯ ತಿಳಿದದ್ದು ಆಕಸ್ಮಿಕವಾಗಿ. ಒಂದು ಬುಧವಾರ ಬೇಗ ಬಂದವರು ಬಾಗಿಲಲ್ಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದರು. ಒಳಗೆ ಅಮ್ಮ ಇಂಗ್ಲಿಷಿನಲ್ಲಿ ಒಂದು ದೀರ್ಘ ಕಥೆ ಹೇಳುತ್ತಿದ್ದಳು, ಚಿಕ್ಕವಳಿದ್ದಾಗ ತನ್ನನ್ನು ಮೇಕೆಯೊಂದು ಅಟ್ಟಿಸಿಕೊಂಡು ಬಂದದ್ದು. ಬ್ರಿಟ್ಟಮ್ಮ ನಗುತ್ತಿದ್ದಳು. ಅಪ್ಪನನ್ನು ನಾನು ನೋಡಿದೆ. ಒಮ್ಮೆ ಅವರ ತುಟಿ ಅಲುಗಿತು, ಅಮ್ಮನ ಯಾವುದೋ ತಪ್ಪನ್ನು ಸರಿಮಾಡುವವರಂತೆ. ಮತ್ತೆ ಬಾಯಿ ಮುಚ್ಚಿಕೊಂಡರು. ಒಳಗೆ ಬರದೆ ಹಾಲಿಗೆ ಹೋಗಿ ಸೋಫಾದಲ್ಲಿ ಕೂತರು. ಬ್ರಿಟ್ಟಮ್ಮ ಹೋದ ಮೇಲೆ ಕಾಫಿಗೆ ಬಂದು ಮೆಲ್ಲಗೆ ಕೇಳಿದರು.

"ಆ ಮೇಕೆ ಕಥೆ ನಂಗೆ ಯಾವತ್ತೂ ಹೇಳೇ ಇಲ್ವಲ್ಲ ಗಿರಿಜಾ?"

"ನೀವು ಕೇಳಿದ್ರೆ ತಾನೆ," ಎಂದಳು ಅಮ್ಮ. ಆದರೆ ಕಾಫಿ ಲೋಟ ಅವರ ಮುಂದಿಟ್ಟ ರೀತಿಯಲ್ಲಿ ಹಳೆಯ ಬಿಗುವು ಇರಲಿಲ್ಲ.

ಬ್ರಿಟ್ಟಮ್ಮನಿಗೆ ಇಂಗ್ಲಿಷ್ ಯಾಕೆ ಬೇಕಾಗಿತ್ತು ಎಂದು ನಮಗೆ ಅಷ್ಟೇನೂ ತಿಳಿದಿರಲಿಲ್ಲ. ಐರ್ಲೆಂಡಿನಲ್ಲಿ ಮಗಳಿದ್ದಾಳೆ, ನೋರಾ ಎಂಬ ಮೊಮ್ಮಗಳಿದ್ದಾಳೆ, ಆ ಮಗುವಿಗೆ ಸ್ವೀಡಿಷ್ ಬರುವುದಿಲ್ಲ ಎಂದಷ್ಟೇ ಹೇಳಿದ್ದಳು. ಮುಂದಿನ ಚಳಿಗಾಲದಲ್ಲಿ, ಕತ್ತಲು ಶಾಲೆ ಬಿಡುವ ಹೊತ್ತಿಗೇ ಬಂದುಬಿಡುವ ದಿನಗಳಲ್ಲಿ, ಒಂದು ಬುಧವಾರ ಅವಳು ಬರಿಗೈಯಲ್ಲಿ ಬಂದಳು. ಕೂತವಳು ಮೇಜಿನ ಮೇಲೆ ಕೈಯಿಟ್ಟುಕೊಂಡು, ಪಾಠ ಒಪ್ಪಿಸುವವಳಂತೆ ಇಂಗ್ಲಿಷಿನಲ್ಲಿ ಹೇಳಿದಳು.

"ಗಿರಿಯಾ. ಮೈ ಡಾಟರ್ ಲೇನಾ. ಶೀ ಈಸ್ ಡೆಡ್."

ಅಮ್ಮನಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ನನ್ನ ಕಡೆ ನೋಡಿದಳು. ನಾನು ನನ್ನ ಕೆಲಸ ಬಂತೆಂದು ಸ್ವೀಡಿಷಿನಲ್ಲಿ ಬ್ರಿಟ್ಟಮ್ಮನನ್ನು ಕೇಳಹೊರಟೆ. ಅವಳು ಕೈ ಎತ್ತಿ ನನ್ನನ್ನು ತಡೆದಳು. ಮತ್ತೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಲೇನಾ ಕಾಯಿಲೆಯಿಂದ ತೀರಿಕೊಂಡು ವರ್ಷದ ಮೇಲಾಗಿತ್ತು. ಅಲ್ಲಿಯವರೆಗೂ ಪ್ರತಿ ಭಾನುವಾರದ ಫೋನಿನಲ್ಲಿ ಮಗಳು ನಡುವೆ ನಿಂತು ಅಜ್ಜಿಯ ಮಾತನ್ನು ಮಗುವಿಗೂ, ಮಗುವಿನ ಮಾತನ್ನು ಅಜ್ಜಿಗೂ ದಾಟಿಸುತ್ತಿದ್ದಳು. ಈಗ ಭಾನುವಾರ ಅಳಿಯ ಫೋನ್ ಮಾಡಿ ಮಗುವಿನ ಕೈಗೆ ಕೊಡುತ್ತಾನೆ, ಅಜ್ಜಿ ಹಲೋ ಎನ್ನುತ್ತಾಳೆ, ಮಗು ಹಲೋ ಎನ್ನುತ್ತದೆ, ಆಮೇಲೆ ಇಬ್ಬರೂ ಉಸಿರಾಡುವುದು ಕೇಳಿಸುತ್ತದೆ, ಫೋನ್ ಇಡುತ್ತಾರೆ. ಇದಿಷ್ಟನ್ನೂ ಅವಳು ಮುರಿದ ಮಾತುಗಳಲ್ಲಿ ಇಂಗ್ಲಿಷಿನಲ್ಲೇ ಹೇಳಿದಳು. ಸ್ವೀಡಿಷಿನಲ್ಲಿ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ಭಾಷೆಯಲ್ಲಿ ಆ ಮಾತು ಬಾಯಿಂದ ಹೊರಡುತ್ತಿರಲಿಲ್ಲ ಎಂದು ಅಮ್ಮ ಆಮೇಲೆ ನನಗೆ ಬಿಡಿಸಿ ಹೇಳಿದಳು. ಅಮ್ಮ ಎದ್ದು ಮೇಜು ಸುತ್ತಿ ಹೋಗಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಮಾನು, ನೀನು ಒಳಗೆ ಹೋಗಿ ಆಡ್ಕೋ ಹೋಗು."

ನಾನು ಒಳಗೆ ಹೋದೆ, ಆಡಲಿಲ್ಲ. ಬಾಗಿಲ ಹಿಂದೆ ನಿಂತೆ. ಅಳುವ ಸದ್ದು, ನಡುನಡುವೆ ಇಂಗ್ಲಿಷಿನ ಒಂದೊಂದು ಪದ, ಯಾವುದು ಅಮ್ಮನದು ಯಾವುದು ಬ್ರಿಟ್ಟಮ್ಮನದು ಗೊತ್ತಾಗುತ್ತಿರಲಿಲ್ಲ. ನಾನಿಲ್ಲದೆ ಅವರ ಮಾತು ನಡೆಯುತ್ತಿತ್ತು. ಅಳುವವರ ಬಗ್ಗೆ ಮರುಗುವುದಕ್ಕಿಂತ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು. ಏಳೆಂಟು ವರ್ಷದ ಮಗುವಿಗೆ ಕೆಲಸ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಆ ಬಾಗಿಲ ಹಿಂದೆ ತಿಳಿದೆ.

ಜೂನ್‌ನಲ್ಲಿ ಅಳಿಯ ಮತ್ತು ನೋರಾ ಬರುವುದೆಂದು ನಿಶ್ಚಯವಾಯಿತು. ಬ್ರಿಟ್ಟಮ್ಮ ನಮ್ಮ ಮೂವರನ್ನೂ ಊಟಕ್ಕೆ ಕರೆದಳು. ಕರೆಯುವಾಗ ಅಮ್ಮನ ಕೈ ಹಿಡಿದುಕೊಂಡೇ ಇದ್ದಳು. ಅಮ್ಮ ಹಿಂದಿನ ದಿನ ಕೋಡುಬಳೆ ಕರಿದಳು, ಹೋಗುವ ದಿನ ರೇಷ್ಮೆ ಸೀರೆ ಉಟ್ಟಳು. ಎಣ್ಣೆ ಕಾಯಿಸುತ್ತಾ ಇಂಗ್ಲಿಷಿನಲ್ಲಿ ಏನೇನೋ ಗುನುಗುತ್ತಿದ್ದಳು. ಬ್ರಿಟ್ಟಮ್ಮನ ಮೇಜಿನ ಮೇಲೆ ಹೊಸ ಆಲೂಗಡ್ಡೆ, ಉಪ್ಪಿನಕಾಯಿಯಂತೆ ಹಾಕಿದ ಮೀನು, ಸ್ಟ್ರಾಬೆರಿ ಕೇಕು. ಹುಡುಗಿ ನನಗಿಂತ ಸ್ವಲ್ಪ ದೊಡ್ಡವಳು, ಕೆಂಚುಗೂದಲು, ತನ್ನ ಅಪ್ಪನಿಗೆ ಅಂಟಿಕೊಂಡು ಕೂತಿದ್ದಳು. ಬ್ರಿಟ್ಟಮ್ಮ ಎದೆಯುಬ್ಬಿಸಿ "ಕಮ್ ಕಮ್, ಸಿಟ್" ಎಂದಳು. ಹುಡುಗಿ ಉತ್ತರ ಕೊಟ್ಟಳು. ಅದು ಟೀವಿಯ ಇಂಗ್ಲಿಷ್ ಅಲ್ಲ, ನಮ್ಮ ಮೇಜಿನ ಇಂಗ್ಲಿಷೂ ಅಲ್ಲ, ಐರ್ಲೆಂಡಿನದು. ಪದಗಳು ಒಂದಕ್ಕೊಂದು ಹೆಣೆದುಕೊಂಡು ಹಾಡಿನಂತೆ ಏರಿಳಿದು ಮುಗಿದೇಹೋದವು. ಬ್ರಿಟ್ಟಮ್ಮ ಅಮ್ಮನನ್ನು ನೋಡಿದಳು. ಅಮ್ಮನಿಗೆ ಒಂದು ಪದವೂ ಸಿಕ್ಕಿರಲಿಲ್ಲ. ಅಮ್ಮ ಅಪ್ಪನನ್ನು ನೋಡಿದಳು. ಎಲ್ಲರೂ ಅಪ್ಪನನ್ನೇ ನೋಡಿದರು. ಅಪ್ಪ ಕುರ್ಚಿಯಲ್ಲಿ ಮುಂದೆ ಬಾಗಿ, ಗಂಟಲು ಸರಿಮಾಡಿಕೊಂಡು, "ಪಾರ್ಡನ್?" ಎಂದರು. ಹುಡುಗಿ ಮತ್ತೆ ಹೇಳಿದಳು. ಅಪ್ಪನ ಕಿವಿ ಕೆಂಪಾಯಿತು. ಅವರಿಗೂ ತಿಳಿದಿರಲಿಲ್ಲ.

ಬ್ರಿಟ್ಟಮ್ಮನ ಕೈ ಮಡಿಲಿಗೆ ಹೋಯಿತು. ಭಾನುವಾರದ ಫೋನಿನಲ್ಲಿ ಆಗುತ್ತಿದ್ದದ್ದೇ ಈಗ ಎದುರೆದುರಾಗಿ ಆಗಹೊರಟಿತ್ತು. ಆಗ ಅಮ್ಮ ಮಾತಾಡಿದಳು, ಅಪ್ಪನ ಎದುರಿಗೆ, ಹೊರಗಿನವರ ಎದುರಿಗೆ, ಒಂದೊಂದು ಪದವನ್ನೂ ಇಳಿಸಿ ಇಡುವವಳಂತೆ.

"ಸ್ಲೋಲಿ, ಸ್ಲೋಲಿ, ಚೈಲ್ಡ್. ಯುವರ್ ಗ್ರ್ಯಾಂಡ್‌ಮದರ್ ಈಸ್ ಲರ್ನಿಂಗ್. ಐ ಆಮ್ ಆಲ್ಸೋ ಲರ್ನಿಂಗ್."

ಹೇಳಿದ ಮೇಲೆ ಬ್ರಿಟ್ಟಮ್ಮನ ಮುಖ ನೋಡಲಾರದೆ ತಟ್ಟೆ ನೋಡಿದಳು. ಒಂದು ವರ್ಷಕ್ಕೂ ಮೀರಿ ಮುಚ್ಚಿಟ್ಟದ್ದು ಅದು.

"ಐ ನೋ, ಗಿರಿಯಾ," ಎಂದಳು ಬ್ರಿಟ್ಟಮ್ಮ. "ಫಸ್ಟ್ ಡೇ ಐ ನೋ."

ಆಮೇಲೆ ಉಳಿದದ್ದನ್ನು ನನಗೆ ಸ್ವೀಡಿಷಿನಲ್ಲಿ ಹೇಳಿ ಕನ್ನಡ ಮಾಡಿಸಿದಳು. ಚೆನ್ನಾಗಿ ಬಲ್ಲವರನ್ನು ಮೊದಲೇ ಕೇಳಿ ನೋಡಿದ್ದಳಂತೆ. ಅವರು ಒಂದು ಮಾತಿಗೇ ಬೇಸತ್ತು ಸ್ವೀಡಿಷಿಗೆ ತಿರುಗಿಬಿಡುತ್ತಿದ್ದರಂತೆ. ಸ್ವೀಡಿಷಿಗೆ ತಿರುಗಲು ಆಗದವಳು ಇಡೀ ಕಟ್ಟಡದಲ್ಲಿ ಅಮ್ಮ ಒಬ್ಬಳೇ. ಅಮ್ಮ ಕಣ್ಣೊರೆಸಿಕೊಂಡು ನಕ್ಕಳು. ಅಪ್ಪ ಎದ್ದು, ಯಾರೂ ಹೇಳದಿದ್ದರೂ, ಎಲ್ಲರ ಲೋಟಕ್ಕೂ ನೀರು ತುಂಬಿಸಿದರು.

ಹುಡುಗಿ ಯೋಚಿಸುತ್ತಾ ಕೂತಿದ್ದಳು. ಅವಳ ಅಪ್ಪ ಕಿವಿಯಲ್ಲಿ ಏನೋ ಹೇಳಿದ. ಅವಳು ತಾನು ಮೊದಲು ಕೇಳಿದ್ದನ್ನೇ ಪದ ಪದ ಬಿಡಿಸಿ ಮತ್ತೆ ಕೇಳಿದಳು. ಈ ಸಲ ಎಲ್ಲರಿಗೂ ತಿಳಿಯಿತು. "ನನ್ನ ಅಮ್ಮ ಚಿಕ್ಕವಳಿದ್ದಾಗ ಹೇಗಿದ್ದಳು?"

ಬ್ರಿಟ್ಟಮ್ಮ ಶುರುಮಾಡಿದಳು. ಅಮ್ಮನ ಪಾಠದಲ್ಲಿ ಭೂತಕಾಲ ಇನ್ನೂ ಬಂದಿರಲಿಲ್ಲ. ಅಮ್ಮನಿಗೇ ಅದರ ಮೇಲೆ ಹಿಡಿತವಿರಲಿಲ್ಲವಾದ್ದರಿಂದ ಆಮೇಲೆ ನೋಡೋಣ ಎಂದು ದೂಡುತ್ತಾ ಬಂದಿದ್ದಳು. ಹಾಗಾಗಿ ಬ್ರಿಟ್ಟಮ್ಮನ ಬಳಿ ಇದ್ದದ್ದು ಈಗ ಆಗುತ್ತಿರುವುದನ್ನು ಹೇಳುವ ಇಂಗ್ಲಿಷ್ ಒಂದೇ.

"ಲೇನಾ ಈಸ್ ರನ್ನಿಂಗ್. ಆಲ್ವೇಸ್ ರನ್ನಿಂಗ್. ಶೀ ಈಸ್ ಕಮಿಂಗ್ ಫ್ರಮ್ ಸ್ಕೂಲ್, ಶೀ ಈಸ್ ಥ್ರೋಯಿಂಗ್ ದ ಬ್ಯಾಗ್. ಶೀ ಈಸ್ ನಾಟ್ ಈಟಿಂಗ್ ಫಿಶ್. ಐ ಆಮ್ ಶೌಟಿಂಗ್. ಶೀ ಈಸ್ ಲಾಫಿಂಗ್."

ಲೇನಾ ಮರ ಹತ್ತುತ್ತಿದ್ದಾಳೆ, ಲೇನಾ ಕಾಲುವೆಯ ಬಳಿ ಹಡಗು ನೋಡುತ್ತಾ ನಿಂತಿದ್ದಾಳೆ, ಊಟಕ್ಕೆ ಕರೆದರೆ ಬರುತ್ತಿಲ್ಲ. ಹುಡುಗಿ ಅಪ್ಪನ ತೋಳು ಬಿಟ್ಟು ಮೇಜಿನ ಮೇಲೆ ಮೊಣಕೈ ಊರಿ ಕೇಳುತ್ತಿದ್ದಳು. ಅವಳ ಅಪ್ಪ ಎದ್ದು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ನನ್ನ ಅಪ್ಪ ಒಂದು ಪದವನ್ನೂ ತಿದ್ದಲಿಲ್ಲ. ಅಮ್ಮ ತಲೆಯಾಡಿಸುತ್ತಾ, ಬ್ರಿಟ್ಟಮ್ಮ ಪದಕ್ಕೆ ತಡಕಾಡಿದಲ್ಲಿ ಒಂದೊಂದನ್ನು ಒದಗಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ನೋರಾ ಬಂದು ಪಕ್ಕದಲ್ಲಿ ಕೂತಳು, ಕೈಯಲ್ಲಿ ಅರ್ಧ ತಿಂದ ಕೋಡುಬಳೆ. ಸ್ವಲ್ಪ ಹೊತ್ತು ಇಬ್ಬರೂ ಸೈಕಲ್ಲುಗಳನ್ನು ನೋಡಿದೆವು. ಆಮೇಲೆ ಅವಳು ನಿಧಾನವಾಗಿ, ನನಗೆ ತಿಳಿಯುವಂತೆ, ಇಂಗ್ಲಿಷಿನಲ್ಲಿ ಕೇಳಿದಳು. ಅಜ್ಜಿ ಯಾವಾಗಲೂ ಹೀಗೇ ಮಾತಾಡುತ್ತಾಳಾ, ಅಮ್ಮ ಇನ್ನೂ ಇರುವ ಹಾಗೆ?

ಅದು ಹಾಗಲ್ಲ, ಪಾಠ ಅಲ್ಲಿಯವರೆಗೆ ಬಂದಿಲ್ಲ ಅಷ್ಟೆ ಎಂದು ನನಗೆ ಗೊತ್ತಿತ್ತು. ಆದರೆ ಅವಳು ಕೇಳಿದ್ದು ನನ್ನನ್ನು. ಯಾರ ಮಾತನ್ನೂ ಯಾರಿಗೂ ದಾಟಿಸಬೇಕಾಗಿರಲಿಲ್ಲ, ನನ್ನ ಮಾತನ್ನು ನಾನೇ ಹೇಳಬೇಕಿತ್ತು. ಅಲ್ಲಿಯವರೆಗೆ ನಾನು ಯಾರೊಡನೆಯೂ ಇಂಗ್ಲಿಷಿನಲ್ಲಿ ಮಾತಾಡಿದವಳಲ್ಲ.

"ಯೆಸ್," ಎಂದೆ. "ಶೀ ಈಸ್ ಟಾಕಿಂಗ್ ಲೈಕ್ ದಟ್ ಓನ್ಲಿ."

ನೋರಾ ಕೋಡುಬಳೆಯನ್ನು ಮುರಿದು ಒಂದು ತುಂಡು ನನಗೆ ಕೊಟ್ಟಳು.

"ಗುಡ್," ಎಂದಳು.